ಸುರಂಗದೊಳಗಿನ ಮಧುಚಂದ್ರ

ಮದುವೆಗೆ ಇನ್ನು ಎರಡು ತಿಂಗಳಿದೆ. ಛತ್ರ ಗೊತ್ತಾಗಿದೆ, ಅಡುಗೆಯವರು ಗೊತ್ತಾಗಿದ್ದಾರೆ, ಸೀರೆಗಳ ಬಗ್ಗೆ ಅಮ್ಮ ಮತ್ತು ಚಿಕ್ಕಮ್ಮ ತಮ್ಮತಮ್ಮಲ್ಲೇ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಇವುಗಳಲ್ಲಿ ಯಾವುದಕ್ಕೂ ನಾನೂ ಅವನೂ ಜಗಳವಾಡಿಲ್ಲ. ಜಗಳ ನಡೆಯುತ್ತಿರುವುದು ಇಟಲಿಯ ರೈಲುಗಳ ಬಗ್ಗೆ.

ಹನ್ನೊಂದು ರಾತ್ರಿಗಳ ಮಧುಚಂದ್ರ. ಖರ್ಚಿನ ದೊಡ್ಡ ಪಾಲು ಅವನ ಉಳಿತಾಯದ್ದು, ಸಣ್ಣ ಪಾಲು ನನ್ನ ಫೆಲೋಶಿಪ್ಪಿನದು. ಟ್ರಾವೆಲ್ ಏಜೆಂಟರು ಕಳಿಸಿದ ಹಾಳೆಯ ಮೇಲೆ 'ಇಟಲಿ ಬೈ ಟ್ರೈನ್' ಎಂದು ದಪ್ಪಕ್ಷರದಲ್ಲಿದೆ. ರೋಮ್ ನಾಲ್ಕು ರಾತ್ರಿ, ಫ್ಲಾರೆನ್ಸ್ ಮೂರು, ವೆನಿಸ್ ಎರಡು, ಮಿಲಾನ್ ಎರಡು. ರೋಮಿನಲ್ಲಿರುವಾಗ ಒಂದು ದಿನ ನೇಪಲ್ಸ್‌ಗೆ ಹೋಗಿ ಪಾಂಪೇ ನೋಡಿ ಸಂಜೆಗೆ ವಾಪಸು. ಎಲ್ಲ ಕಡೆಗೂ ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ರೈಲು. "ಕಿಟಕಿಯಾಚೆ ಟಸ್ಕನಿಯ ಬೆಟ್ಟ, ದ್ರಾಕ್ಷಿ ತೋಟ, ಜೊತೆಗೆ ನಿಮ್ಮ ಸಂಗಾತಿ" ಎಂಬ ಸಾಲಿನ ಪಕ್ಕದಲ್ಲಿ ಒಂದು ಸೈಪ್ರೆಸ್ ಮರದ ಚಿತ್ರ.

ನನ್ನ ತಕರಾರು ಆ ಸಾಲಿನಿಂದಲೇ ಶುರುವಾಗುತ್ತದೆ. ಅದು ಸುಳ್ಳು. ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಹೋಗುವ ವೇಗದ ರೈಲು ಮೊದಲು ಬೊಲೋನಾಕ್ಕೆ ಹೋಗಬೇಕು, ನಡುವೆ ಆಪನೈನ್ ಪರ್ವತಸಾಲು. 2009ರ ಡಿಸೆಂಬರಿನಲ್ಲಿ ತೆರೆದ ಈ ಹಳಿಯ ಉದ್ದ ಸುಮಾರು 78 ಕಿಲೋಮೀಟರ್. ಅದರಲ್ಲಿ 73 ಕಿಲೋಮೀಟರ್ ಸುರಂಗ. ಅಂದರೆ ಪ್ರಯಾಣಿಕರಿಗೆ ಕಿಟಕಿಯಲ್ಲಿ ಕಾಣುವುದು ಅವರವರ ಮುಖ. ಸೈಪ್ರೆಸ್ ಮರ ನೋಡಬೇಕೆಂದರೆ ಏಜೆಂಟರ ಹಾಳೆಯನ್ನೇ ಹಿಡಿದುಕೊಂಡು ಕೂರಬೇಕು.

ಬೆಟ್ಟದ ಒಡಲನ್ನು ಹೀಗೆ ಕೊರೆಯುವಾಗ ಮುಜೆಲ್ಲೋ ಎಂಬ ಕಣಿವೆಯ ಎಷ್ಟೋ ತೊರೆಗಳು, ಬುಗ್ಗೆಗಳು ಬತ್ತಿದವು. ಸುರಂಗವೇ ನೀರನ್ನು ಬಸಿದುಕೊಂಡುಬಿಟ್ಟಿತು. ಅದರ ಮೇಲೆ ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. ಪಶ್ಚಿಮಘಟ್ಟದ ಬುಡದಲ್ಲಿ ಹುಟ್ಟಿ, ಯೋಜನೆ ಎಂಬ ಶಬ್ದ ಕೇಳಿದರೆ ಮೊದಲು ಹೊಳೆಯ ಕಡೆ ನೋಡುವ ಜನರ ನಡುವೆ ಬೆಳೆದ ನನಗೆ ಇದನ್ನು ಓದಿದಾಗ ಇಟಲಿ ಅಷ್ಟೇನೂ ದೂರವೆನಿಸಲಿಲ್ಲ.

ಅವನು ಹೇಳಿದ್ದು ಇಷ್ಟೇ: "ಮಾರಾಯ್ತಿ, ಎರಡೂಕಾಲು ಗಂಟೆಯಲ್ಲಿ ವೆನಿಸ್ ತಲುಪ್ತೇವೆ. ಅದಕ್ಕೆ ನಿನ್ನದೇನು ಪ್ರಾಬ್ಲಂ?"

ನನ್ನ ಪ್ರಾಬ್ಲಂ ವೇಗದ್ದಲ್ಲ. ನಿಧಾನವೇ ಪರಮಸತ್ಯ ಎಂದು ಉಪದೇಶಿಸುವ ಈಚಿನ 'ಸ್ಲೋ ಟ್ರಾವೆಲ್' ಮಂದಿಯ ಬಗ್ಗೆಯೂ ನನಗೆ ದೊಡ್ಡ ಪ್ರೀತಿಯಿಲ್ಲ. ರಜೆಯ ಕೊರತೆ ಇಲ್ಲದವರು ಕಟ್ಟಿದ ಮತ ಅದು. ಮೂರು ವಾರ ಒಂದೇ ಹಳ್ಳಿಯಲ್ಲಿ ಕೂತು ಬ್ರೆಡ್ ಸುಡುವುದನ್ನು ಕಲಿಯಲು ಯಾವ ಕಂಪನಿಯ ಮ್ಯಾನೇಜರ್ ರಜೆ ಕೊಡುತ್ತಾನೆ? ಆ ಪಂಥದ ಆದಿಗುರುವಿನಂತೆ ಕಾಣುವ ಗಯಟೆಯನ್ನೇ ನೋಡಿ. ರೈಲಿಲ್ಲದ ಕಾಲದಲ್ಲಿ, 1786ರಲ್ಲಿ, ಕುದುರೆಗಾಡಿಯಲ್ಲಿ ಇಟಲಿಗೆ ಹೋದವನು ರೋಮ್ ಮುಟ್ಟುವ ಅವಸರದಲ್ಲಿ ಫ್ಲಾರೆನ್ಸಿಗೆ ಕೊಟ್ಟಿದ್ದು ಸುಮಾರು ಮೂರು ಗಂಟೆ. ಏಜೆಂಟರು ನಮಗೆ ಮೂರು ರಾತ್ರಿ ಕೊಟ್ಟಿದ್ದಾರೆ.

ನನ್ನ ವಿರೋಧ ಈ ಹಳಿ ಯಾವುದನ್ನು ತಪ್ಪಿಸಿಕೊಂಡು ಹೋಗುತ್ತದೆ ಎಂಬುದಕ್ಕೆ. ಮತ್ತೆ ಬೊಲೋನಾವನ್ನೇ ತೆಗೆದುಕೊಳ್ಳಿ. ಅಲ್ಲಿ 2013ರಿಂದ ಹಲವು ವೇಗದ ರೈಲುಗಳಿಗೆ ನೆಲದಡಿಯಲ್ಲಿ ಬೇರೆಯೇ ನಿಲ್ದಾಣವಿದೆ. ಎಸ್ಕಲೇಟರ್, ಬಿಳಿ ಬೆಳಕು, ಯಾವ ಊರಿನದೂ ಆಗಬಹುದಾದ ಗೋಡೆ. ಹಳೆಯ ನಿಲ್ದಾಣ ಅದರ ಮೇಲೆ, ಬಿಸಿಲಿನಲ್ಲಿದೆ. ಅದರ ಹೊರಗೋಡೆಯ ಗಡಿಯಾರವೊಂದು 10 ಗಂಟೆ 25 ನಿಮಿಷಕ್ಕೆ ನಿಂತಿದೆ. 1980ರ ಆಗಸ್ಟ್ 2, ಶನಿವಾರ, ಬೇಸಿಗೆ ರಜೆಯ ಜನಜಂಗುಳಿ. ಫ್ಯಾಸಿಸ್ಟ್ ಭಯೋತ್ಪಾದಕರು ಇಟ್ಟ ಬಾಂಬು ಸಿಡಿದು 85 ಮಂದಿ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಬಾಂಬು ಇಟ್ಟಿದ್ದು ಎರಡನೇ ದರ್ಜೆಯವರ ನಿರೀಕ್ಷಣಾ ಕೊಠಡಿಯಲ್ಲಿ. ಗಡಿಯಾರವನ್ನು ಆ ಹೊತ್ತಿಗೇ ನಿಲ್ಲಿಸಿಟ್ಟಿದ್ದಾರೆ. ಸತ್ತವರ ಹೆಸರುಗಳನ್ನು ಗೋಡೆಯ ಮೇಲೆ ಕೆತ್ತಿದ್ದಾರೆ. ಈಗಲೂ ಲೋಕಲ್ ರೈಲಿಗೆ ಕಾಯುವವರು ಆ ಹೆಸರುಗಳ ಪಕ್ಕದಲ್ಲೇ ಕೂತು ಕಾಯುತ್ತಾರೆ. ನೆಲದಡಿ ಬಂದು ನೆಲದಡಿಯೇ ಹೋಗುವವರಿಗೆ ಬೊಲೋನಾ ಎಂದರೆ ಎರಡು ಸುರಂಗಗಳ ನಡುವಿನ ಒಂದು ಘೋಷಣೆ.

"ಹನಿಮೂನಿಗೆ ಹೋಗಿ ಬಾಂಬಿನ ಗಡಿಯಾರ ನೋಡೋದಾ?" ಎಂದು ಅವನ ಅಕ್ಕ ನಕ್ಕರು. ಅವರು ನಕ್ಕದ್ದು ತಪ್ಪೆಂದು ನಾನು ಹೇಳಲಾರೆ.

ರೋಮ್‌ನಿಂದ ನೇಪಲ್ಸ್‌ಗೆ ಹೋಗುವ ದಾರಿಯದು ಮಾತ್ರ ನಗುವ ವಿಷಯವಲ್ಲ. ನಮ್ಮ ಹಾಳೆಯಲ್ಲಿರುವ ವೇಗದ ರೈಲು ಒಳನಾಡಿನ ಕಣಿವೆಗಳ ಮೂಲಕ, ಕಸಿನೋ ಕಡೆಯಿಂದ, ಸುಮಾರು ಒಂದೂಕಾಲು ಗಂಟೆಯಲ್ಲಿ ನೇಪಲ್ಸ್ ಮುಟ್ಟಿಸುತ್ತದೆ. ಇನ್ನೊಂದು ದಾರಿ 1927ರಲ್ಲಿ ತೆರೆದದ್ದು. ಸಮುದ್ರದ ಕಡೆಗೆ ಇಳಿದು, ಲತೀನಾ, ಫೋರ್ಮಿಯಾ ಮೇಲೆ ಹಾದು ಹೋಗುತ್ತದೆ. ಅದರಲ್ಲಿ ಪ್ರಾದೇಶಿಕ ರೈಲುಗಳು ಓಡುತ್ತವೆ. ದರ ದೂರದ ಲೆಕ್ಕ. ಮೂರು ತಿಂಗಳ ಮುಂಚೆ ಕೊಂಡರೂ ಹೊರಡುವ ಹತ್ತು ನಿಮಿಷ ಮುಂಚೆ ಕೊಂಡರೂ ಅಷ್ಟೇ. ಸೀಟು ಕಾದಿರಿಸುವಂತಿಲ್ಲ, ಸಿಕ್ಕಲ್ಲಿ ಕೂರಬೇಕು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲವಾದರೆ ದಂಡ.

ಲತೀನಾ ಸುತ್ತಲಿನದು ಒಂದು ಕಾಲದಲ್ಲಿ ಮಲೇರಿಯಾದ ಜೌಗು ಭೂಮಿ. ಮುಸೋಲಿನಿಯ ಸರ್ಕಾರ ನೀರು ಬಸಿದು, 1932ರಲ್ಲಿ ಹೊಸ ಊರು ಕಟ್ಟಿ, ಲಿತ್ತೋರಿಯಾ ಎಂದು ಹೆಸರಿಟ್ಟು ಮೆರೆಯಿತು. ಯುದ್ಧ ಮುಗಿದ ಮೇಲೆ ಅದರ ಹೆಸರು ಲತೀನಾ ಆಯಿತು. ಇವತ್ತು ಆ ಬಯಲಿನ ತರಕಾರಿ, ಕಿವಿ ಹಣ್ಣು, ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳಲ್ಲಿ ದುಡಿಯುವವರಲ್ಲಿ ಸಾವಿರಾರು ಮಂದಿ ಪಂಜಾಬಿನವರು. ಪೇಟ ಸುತ್ತಿಕೊಂಡು ಸೈಕಲ್ ತುಳಿಯುತ್ತ ಹೊಲಕ್ಕೆ ಹೋಗುವ ಸಿಖ್ಖರು ಅಲ್ಲಿನ ರಸ್ತೆಗಳ ಮಾಮೂಲಿ ನೋಟ. ಕೂಲಿಯಾಳುಗಳನ್ನು ಒದಗಿಸಿ ಅವರ ದಿನಗೂಲಿಯಲ್ಲಿ ಪಾಲು ಮುರಿದುಕೊಳ್ಳುವ ಮಧ್ಯವರ್ತಿಗಳ ಪದ್ಧತಿಗೆ ಇಟಲಿಯಲ್ಲಿ ಕಪೊರಲಾತೊ ಎನ್ನುತ್ತಾರೆ. ನಮ್ಮ ಕಡೆಯ ಮೇಸ್ತ್ರಿಯನ್ನು ನೆನೆಸಿಕೊಂಡರೆ ಅರ್ಥವಾಗುತ್ತದೆ. 2016ರ ಏಪ್ರಿಲಿನಲ್ಲಿ ಈ ಕೂಲಿಕಾರರು ಸಾವಿರಾರು ಸಂಖ್ಯೆಯಲ್ಲಿ ಲತೀನಾದ ಚೌಕಕ್ಕೆ ಬಂದು ಮುಷ್ಕರ ಹೂಡಿದರು. ಅದೇ ವರ್ಷ ಕಪೊರಲಾತೊ ವಿರುದ್ಧ ಬಿಗಿಯಾದ ಕಾನೂನೂ ಬಂತು. ಆದರೆ 2024ರ ಜೂನ್‌ನಲ್ಲಿ ಅಲ್ಲೇ, ಪಂಜಾಬಿನ 31 ವರ್ಷದ ಕೂಲಿಕಾರನೊಬ್ಬನ ತೋಳು ಹೊಲದ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಅವನನ್ನು ಆಸ್ಪತ್ರೆಗೆ ಒಯ್ಯುವ ಬದಲು ಮನೆಯ ಹತ್ತಿರ ಇಳಿಸಿ ಹೋದರು. ತುಂಡಾದ ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಎರಡು ದಿನದ ಮೇಲೆ ಅವನು ರೋಮಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನಿಗೂ ನಮಗೂ ನಡುವೆ ಎರಡೋ ಮೂರೋ ವರ್ಷದ ಅಂತರ. ಪಾಸ್‌ಪೋರ್ಟಿನ ಬಣ್ಣ ಒಂದೇ.

ವೀಸಾದ ಕಡತ ಜೋಡಿಸುವಾಗ ನನಗೆ ಇದು ಮತ್ತೆ ಮತ್ತೆ ನೆನಪಾಗುತ್ತದೆ. ತಲಾ 90 ಯೂರೋ ಶುಲ್ಕ, 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಪ್ರತಿ ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದಕ್ಕೆ ಪುರಾವೆ, ವಾಪಸು ಬಂದೇ ಬರುತ್ತೇವೆ ಎಂದು ನಂಬಿಸುವ ಕಾಗದಪತ್ರ. ಅವನದು ಸುಲಭ, ಕಂಪನಿಯ ಪತ್ರವಿದೆ. ನನ್ನದು ತಿಂಗಳಿಗೆ 42,000 ರೂಪಾಯಿಯ ಫೆಲೋಶಿಪ್ಪು. ಅದು ನಾಲ್ಕು ತಿಂಗಳು ಬಾರದೆ ಒಮ್ಮೆಲೇ ಬೀಳುವುದರಿಂದ ಬ್ಯಾಂಕಿನ ಪಾಸ್‌ಬುಕ್ ಬೇಸಿಗೆಯ ಹೊಳೆಯ ಹಾಗಿದೆ. "ಮೇಡಂ, ಇದಕ್ಕೊಂದು ವಿವರಣೆ ಪತ್ರ ಬರೆದುಬಿಡಿ" ಎಂದರು ಏಜೆಂಟರು. ಬರೆದೆ. ನಾನು ಓಡಿಹೋಗುವವಳಲ್ಲ, ಅರ್ಧ ಬರೆದ ಪ್ರಬಂಧ ಇಲ್ಲಿದೆ ಎಂಬರ್ಥದಲ್ಲಿ.

ಇತ್ತ ಅದೇ ಇಟಲಿ ಸರ್ಕಾರವೇ ಹೊರಗಿನ ಕೂಲಿಕಾರರಿಗಾಗಿ ವರ್ಷಕ್ಕಿಷ್ಟು ಎಂದು ಕೋಟಾ ಗೊತ್ತುಮಾಡುತ್ತದೆ. 2023ರಿಂದ 2025ರವರೆಗಿನ ಮೂರು ವರ್ಷಕ್ಕೆ ಒಟ್ಟು 4,52,000. ಅರ್ಜಿ ಹಾಕುವ ದಿನಕ್ಕೆ ಅಲ್ಲಿ 'ಕ್ಲಿಕ್ ಡೇ' ಎಂದೇ ಹೆಸರು. ಯಾರ ಬೆರಳು ಮೊದಲು ಕ್ಲಿಕ್ಕಿಸಿತೋ ಅವರಿಗೆ. ಹಾಗೆ ಬರಲು ಮಧ್ಯವರ್ತಿಗಳಿಗೆ ಲಕ್ಷಗಟ್ಟಲೆ ಸುರಿದು, ಬಂದಿಳಿದ ಮೇಲೆ ಕೆಲಸ ಕೊಡಬೇಕಿದ್ದ ಮಾಲೀಕನೇ ನಾಪತ್ತೆಯಾಗಿ, ಕಾಗದವಿಲ್ಲದೆ ಹೊಲಕ್ಕಿಳಿದವರಿದ್ದಾರೆ. ಎರಡು ಬಗೆಯ ಭಾರತೀಯರು ಒಂದೇ ದೇಶಕ್ಕೆ ಹೋಗುತ್ತಾರೆ. ಒಬ್ಬರ ತಟ್ಟೆಯ ಟೊಮ್ಯಾಟೋವನ್ನು ಇನ್ನೊಬ್ಬರು ಕಿತ್ತಿರುತ್ತಾರೆ. ಇಬ್ಬರೂ ಒಂದೇ ಡಬ್ಬಿಯಲ್ಲಿ ಎದುರುಬದುರು ಕೂರಬೇಕಾದ ಪ್ರಸಂಗ ಬಾರದ ಹಾಗೆ ಹಳಿಯೇ ಎರಡಾಗಿದೆ.

ಇಷ್ಟು ಹೇಳಿದಾಗ ಅವನು ಕೇಳಿದ ಪ್ರಶ್ನೆ ಚೂಪಾಗಿತ್ತು. "ನೀನು ಆ ರೈಲಿನಲ್ಲಿ ಕೂತರೆ ಅವರಿಗೇನು ಸಿಗ್ತದೆ? ಅವರನ್ನು ನೋಡಲಿಕ್ಕೆ ಹೋಗೋದು ಮ್ಯೂಸಿಯಂ ನೋಡಿದ ಹಾಗಲ್ವಾ?"

ಅವರಿಗೆ ಏನೂ ಸಿಗುವುದಿಲ್ಲ. ನಾನು ಲತೀನಾದಲ್ಲಿ ಇಳಿದು, ಹಸಿರುಮನೆಯ ಮುಂದೆ ನಿಂತು ಫೋಟೋ ತೆಗೆದು, ಊರಿಗೆ ಬಂದು ಪ್ರಬಂಧ ಬರೆಯಬೇಕೆಂದೂ ಹೇಳುತ್ತಿಲ್ಲ. ಅಂಥ ಕರುಣೆಯ ಪ್ರವಾಸಕ್ಕಿಂತ ಏಜೆಂಟರ ಸೈಪ್ರೆಸ್ ಮರವೇ ಎಷ್ಟೋ ಮೇಲು. ಒಂದು ದೇಶದ ಜನ ದಿನಾ ಕೆಲಸಕ್ಕೆ ಹೋಗುವ ರೈಲಿನಲ್ಲಿ ಕೂರದೆ ಆ ದೇಶವನ್ನು ರೈಲಿನಲ್ಲಿ ಸುತ್ತಿದೆವು ಎಂದು ಆಲ್ಬಮ್ ಮಾಡಬೇಡಿ ಎನ್ನುತ್ತಿದ್ದೇನೆ, ಅಷ್ಟೆ. ವೆನಿಸ್ಸಿನದೂ ಇದೇ ಕತೆ. ಆ ದ್ವೀಪದ ಹಳೆಯ ಊರಿನಲ್ಲಿ ಈಗ ವಾಸವಿರುವವರು ಐವತ್ತು ಸಾವಿರಕ್ಕಿಂತ ಕಡಿಮೆ. ಹೋಟೆಲಿನ ಹಾಸಿಗೆ ಸರಿಪಡಿಸುವವರು, ಪಾತ್ರೆ ತೊಳೆಯುವವರಲ್ಲಿ ಅನೇಕರು, ಬಾಂಗ್ಲಾದವರೂ ಸೇರಿದಂತೆ, ಈಚೆ ದಡದ ಮೆಸ್ತ್ರೆಯಲ್ಲಿದ್ದಾರೆ. 1846ರಲ್ಲಿ ಕಟ್ಟಿದ ರೈಲುಸೇತುವೆಯೇ ಅವರನ್ನು ಬೆಳಗ್ಗೆ ಒಳಗೆ ಬಿಟ್ಟು ರಾತ್ರಿ ಹೊರಗೆ ಒಯ್ಯುತ್ತದೆ. ಆ ಸೇತುವೆ ಮುಗಿಯುವ ನಿಲ್ದಾಣಕ್ಕೆ ಸಾಂತಾ ಲುಚೀಯಾ ಎಂದು ಹೆಸರು. ನಿಲ್ದಾಣ ಕಟ್ಟಲು ಕೆಡವಿದ ಚರ್ಚಿನ ಹೆಸರು ಅದು.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಅದಕ್ಕೆ ನನ್ನಲ್ಲಿ ಇವತ್ತಿಗೂ ಸರಿಯಾದ ಉತ್ತರವಿಲ್ಲ. ಅವನು ಬೆಳೆದದ್ದು ಹನ್ನೊಂದು ಜನರಿದ್ದ ಮನೆಯಲ್ಲಿ. ಚಿಲಕ ಹಾಕಬಹುದಾದ ಬಾಗಿಲು ಬಚ್ಚಲಿಗೆ ಮಾತ್ರ ಇತ್ತಂತೆ. ಬೆಂಗಳೂರಿಗೆ ಬಂದ ಮೇಲೆ ಪೀಜಿಯಲ್ಲಿ ಒಂದೇ ಕೋಣೆಗೆ ಮೂವರು. ನಾವಿಬ್ಬರೂ ಐದು ವರ್ಷ ಮಾತಾಡಿಕೊಂಡದ್ದು ಬಸ್‌ಸ್ಟಾಪಿನಲ್ಲಿ, ಕ್ಯಾಂಟೀನಿನಲ್ಲಿ, ಯಾರಾದರೂ ನೋಡಿಯಾರೆಂದು ಅರ್ಧ ಗಮನ ಬಾಗಿಲ ಕಡೆ ಇಟ್ಟು. "ಹನ್ನೊಂದು ದಿನ ಎದುರಿಗೆ ಯಾರೂ ಕೂರದ ಎರಡು ಸೀಟು ಬೇಕು ನನಗೆ. ಅದಕ್ಕೆ ದುಡ್ಡು ಕೊಡ್ತಿದ್ದೇನೆ. ಇಟಲಿಗಲ್ಲ" ಎಂದ.

ನಮ್ಮಂಥವರಿಗೆ ಏಕಾಂತವನ್ನು ಯಾರೂ ಬಳುವಳಿಯಾಗಿ ಕೊಡುವುದಿಲ್ಲ, ದುಡಿದು ಕೊಳ್ಳಬೇಕು. ಅದನ್ನು ಗೇಲಿ ಮಾಡುವ ಧೈರ್ಯ ನನಗಿಲ್ಲ. ಆದರೆ ಕಾದಿರಿಸಿದ ಸೀಟಿಗೇ ಏಕಾಂತವೆಂದು ಹೆಸರಿಟ್ಟು ಮಾರುವವರ ಬಗ್ಗೆ ನನ್ನ ಸಿಟ್ಟು ಇಳಿದಿಲ್ಲ. ಬಸ್‌ಸ್ಟಾಪಿನ ಆ ಐದು ವರ್ಷ ಸುತ್ತ ಅಷ್ಟು ಜನರಿದ್ದರೂ ನಾವು ಇಬ್ಬರೇ ಇದ್ದೆವಲ್ಲ ಎಂದು ಅವನಿಗೆ ಹೇಳಿದೆ. "ಅದು ಬೇರೆ ಉಪಾಯ ಇಲ್ಲದೆ" ಎಂದ. ಅದೂ ನಿಜವೇ.

ಈ ವಾರ ಹಾಳೆಯನ್ನು ಸ್ವಲ್ಪ ತಿದ್ದಿದ್ದೇವೆ. ರೋಮ್‌ನಿಂದ ಫ್ಲಾರೆನ್ಸಿಗೆ ಪ್ರಾದೇಶಿಕ ರೈಲು. ಒಂದೂವರೆ ಗಂಟೆಯ ದಾರಿಗೆ ಸುಮಾರು ನಾಲ್ಕು ಗಂಟೆ, ನಡುವೆ ಒರ್ವಿಯೆತೊ ಮತ್ತು ಅರೆತ್ಸೊ. ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಅವನ ವೇಗದ ರೈಲು, ಎದುರಿಗೆ ಯಾರೂ ಕೂರದ ಜೋಡಿ ಸೀಟು. ಆದರೆ ಬೊಲೋನಾದಲ್ಲಿ ಇಳಿದು, ಎರಡು ಗಂಟೆ ಬಿಟ್ಟು ಮುಂದಿನ ರೈಲು ಹಿಡಿಯುವುದಕ್ಕೆ ಒಪ್ಪಿದ್ದಾನೆ. ಅಲ್ಲಿ ಒಳ್ಳೆಯ ಕಾಫಿಯೂ ಸಿಗುತ್ತದೆಂದು ನಾನು ಆಮಿಷ ಒಡ್ಡಿದ್ದೂ ಹೌದು.

ರೋಮ್–ನೇಪಲ್ಸ್ ಸಾಲು ಮಾತ್ರ ಇನ್ನೂ ಖಾಲಿ ಇದೆ. ವೀಸಾ ಅಪಾಯಿಂಟ್‌ಮೆಂಟ್ ಬರುವ ಗುರುವಾರ.