ದವಡೆ ಬಿಟ್ಟು ಕಿವಿ ಸೇರಿದ ಮೂಳೆ

ಕಿವಿಯ ತೂತಿಗೆ ತುಸು ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಸರಿದಾಡುವುದು ದವಡೆಯ ಕೀಲು. ಅಗಿಯುವ ಕೀಲಿಗೂ ಕೇಳುವ ಕಿವಿಗೂ ಇಷ್ಟೊಂದು ನೆರೆಹೊರೆ ಯಾಕೆ? ಇದರ ಹಿಂದೆ ಕ್ವಾಡ್ರೇಟ್ ಎಂಬ ಮೂಳೆಯ ಕತೆಯಿದೆ.

ಮೀನು, ಕಪ್ಪೆ, ಹಲ್ಲಿ, ಹಕ್ಕಿಗಳಲ್ಲಿ ಕೆಳದವಡೆ ತಲೆಬುರುಡೆಗೆ ಕೂಡಿಕೊಳ್ಳುವುದು ಈ ಮೂಳೆಯ ಬಳಿಯೇ. ಮೆಣಸಿನಕಾಯಿ ಕಚ್ಚುವ ಗಿಣಿಯನ್ನು ಗಮನಿಸಿ, ಅದರ ಮೇಲಿನ ಕೊಕ್ಕೂ ಮೇಲೇಳುತ್ತದೆ. ಹಿಂದಿನಿಂದ ತೆಳು ಮೂಳೆಗಳ ಮೂಲಕ ಅದನ್ನು ತಳ್ಳುವುದು ಕ್ವಾಡ್ರೇಟ್.

ಹಾವಿನದು ಇನ್ನೂ ಸ್ವಾರಸ್ಯ. ಹಾವು ದವಡೆ ಕಳಚಿಕೊಂಡು ಇಲಿ ನುಂಗುತ್ತದೆ ಎಂದು ಟೀವಿಯಲ್ಲಿ ಹೇಳುವುದುಂಟು. ಏನೂ ಕಳಚುವುದಿಲ್ಲ. ಅದರ ಉದ್ದನೆಯ ಕ್ವಾಡ್ರೇಟ್ ಎರಡೂ ಬದಿ ಸಡಿಲವಾಗಿ ಹೊರಕ್ಕೆ ವಾಲುತ್ತದೆ. ಕೆಳದವಡೆಯ ಎಡಬಲ ಭಾಗಗಳು ಗಲ್ಲದಲ್ಲಿ ಬೆಸೆದುಕೊಂಡಿಲ್ಲ, ಹಾಗಾಗಿ ಬಾಯಿ ಅಷ್ಟು ಅಗಲವಾಗುತ್ತದೆ. ಹಾವಿಗೆ ಹೊರಗಿವಿಯಿಲ್ಲ, ಕಿವಿಯ ತಮಟೆಯೂ ಇಲ್ಲ. ನೆಲದ ಕಂಪನ ಕೆಳದವಡೆಯಿಂದ ಕ್ವಾಡ್ರೇಟ್‌ಗೆ, ಅಲ್ಲಿಂದ ಕಡ್ಡಿಯಂಥ ಇನ್ನೊಂದು ಮೂಳೆಯ ಮೂಲಕ ಒಳಗಿವಿಗೆ ಹೋಗುತ್ತದೆ. ನುಂಗುವ ಮೂಳೆಯೇ ಕೇಳುವ ಮೂಳೆ! (ಪುಂಗಿಯ ಮುಂದೆ ಹೆಡೆಯಾಡುವುದು ರಾಗಕ್ಕಲ್ಲ, ಹಾವಾಡಿಗನ ಕೈಯ ಓಲಾಟಕ್ಕೆ.)

ನಮ್ಮ ದವಡೆಯಲ್ಲಿ ಕ್ವಾಡ್ರೇಟ್ ಇಲ್ಲ. ಎಲ್ಲಿ ಹೋಯಿತು? 1837ರಲ್ಲಿ, ಅಂದರೆ ಡಾರ್ವಿನ್ನನ ಪುಸ್ತಕ ಬರುವುದಕ್ಕೆ 22 ವರ್ಷ ಮೊದಲೇ, ಜರ್ಮನಿಯ ಕಾರ್ಲ್ ರೈಖರ್ಟ್ ಹಂದಿಯ ಭ್ರೂಣಗಳನ್ನು ಬಿಡಿಸಿ ನೋಡಿ ಇದಕ್ಕೆ ಉತ್ತರ ಕೊಟ್ಟ. ಶಾಲೆಯಲ್ಲಿ ಓದಿದ್ದೆವಲ್ಲ, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಕಿವಿಯ ಮೂರು ಮೂಳೆಗಳು. ಅವುಗಳಲ್ಲಿ ಅಡಿಗಲ್ಲೇ ಹಳೆಯ ಕ್ವಾಡ್ರೇಟ್. ಸುತ್ತಿಗೆ, ಅದಕ್ಕೆ ಕೀಲಾಗಿದ್ದ ಕೆಳದವಡೆಯ ಹಿಂಭಾಗದ ಮೂಳೆ. ಹಲ್ಲಿಯ ದವಡೆಯ ಕೀಲು ನಮ್ಮ ಕಿವಿಯೊಳಗೆ ಇವತ್ತಿಗೂ ಇದೆ, ಅಕ್ಕಿಕಾಳಿನಷ್ಟು ಸಣ್ಣದಾಗಿ.

ಕೀಲು ಬದಲಾಗುವ ಹೊತ್ತಿನಲ್ಲಿ ಪ್ರಾಣಿ ಊಟ ಹೇಗೆ ಮಾಡಿತು ಎಂದು ಕೇಳಬಹುದು. ಸುಮಾರು 20 ಕೋಟಿ ವರ್ಷ ಹಿಂದಿನ ಮೋರ್ಗನುಕೊಡಾನ್ ಎಂಬ ಇಲಿಯಂಥ ಪ್ರಾಣಿಯ ಪಳೆಯುಳಿಕೆಗಳು ವೇಲ್ಸ್‌ನಲ್ಲಿ ಸಿಕ್ಕಿವೆ. ಅದಕ್ಕೆ ಎರಡೂ ಕೀಲುಗಳಿದ್ದವು, ಪಕ್ಕಪಕ್ಕದಲ್ಲೇ. ಹಲ್ಲಿರುವ ಮೂಳೆ ಹಿಗ್ಗುತ್ತಾ ಹೋಗಿ ಬುರುಡೆಗೆ ನೇರವಾಗಿ ತಾಗಿ ಹೊಸ ಕೀಲು ಮಾಡಿಕೊಂಡಿತ್ತು, ಹಳೆಯದಿನ್ನೂ ಬಿಟ್ಟಿರಲಿಲ್ಲ. ಮುಂದೆ ಹಳೆಯದಕ್ಕೆ ಅಗಿಯುವ ಭಾರ ತಪ್ಪಿತು. ಸಣ್ಣದಾಗುತ್ತಾ ಬಂದು, ಸಣ್ಣ ಸದ್ದನ್ನೂ ಕೀರಲು ದನಿಯನ್ನೂ ಒಯ್ಯಬಲ್ಲಂತಾಯಿತು. ಕತ್ತಲಲ್ಲಿ ಹುಳ ಹಿಡಿದು ಬದುಕುವ ಜೀವಕ್ಕೆ ಇದು ಸಣ್ಣ ಲಾಭವಲ್ಲ. ಅಪೋಸಮ್ ಮರಿಗೆ ಹುಟ್ಟಿದಾಗ ಹೊಸ ಕೀಲು ಇನ್ನೂ ಮೂಡಿರುವುದಿಲ್ಲ. ಆ ಮರಿ ಮೊದಲ ಕೆಲವು ವಾರ ಹಾಲು ಕುಡಿಯುವುದು ಹಳೆಯ ಮೂಳೆಗಳ ಆಸರೆಯಲ್ಲೇ.

ಮನುಷ್ಯನ ಅಡಿಗಲ್ಲು ಸುಮಾರು 30 ಮಿಲಿಗ್ರಾಂ ತೂಗುತ್ತದೆ. ಅದರ ಒಂದು ಉದ್ದನೆಯ ಕಾಲು ರಿಕಾಪಿಗೆ ತಾಗಿರುತ್ತದೆ. ಕಾಲು ಸಪೂರ, ರಕ್ತದ ಪೂರೈಕೆಯೂ ಕಮ್ಮಿ. ವರ್ಷಗಟ್ಟಲೆ ಕಿವಿ ಸೋರಿದರೆ ಮೂರು ಮೂಳೆಗಳಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಇದೇ. ಮಗುವಿನ ಕಿವಿ ಸೋರಿದರೆ ಊರಿಗೆ ಫೋನು ಮಾಡಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಎಷ್ಟು ಹನಿ ಎಂದು ಕೇಳುವ ಮನೆಗಳು ಮುಂಬಯಿಯಲ್ಲೂ ಇವೆ. ದಯವಿಟ್ಟು ಬೇಡ. ಸೋರುವ ಕಿವಿಯ ತಮಟೆಯಲ್ಲಿ ತೂತಿರಬಹುದು. ಹಾಗಿದ್ದರೆ ಎಣ್ಣೆ ನೇರ ಆ ಮೂಳೆಗಳಿರುವ ಜಾಗಕ್ಕೇ ಇಳಿಯುತ್ತದೆ. ಕಿವಿ ಮೂಗು ಗಂಟಲಿನ ಡಾಕ್ಟರು ಒಮ್ಮೆ ಒಳಗೆ ಇಣುಕಿ ನೋಡಲಿ.

ಮೂಳೆ ಸವೆದೇ ಹೋಗಿದ್ದರೂ ದಾರಿಯಿದೆ. ಟೈಟಾನಿಯಂ ತುಂಡು ಕೂರಿಸುತ್ತಾರೆ. ಕೆಲವೊಮ್ಮೆ ರೋಗಿಯ ಅಡಿಗಲ್ಲನ್ನೇ ಹೊರತೆಗೆದು, ಸೂಕ್ಷ್ಮದರ್ಶಕದಡಿ ಉಜ್ಜಿ ಬೇರೆ ಆಕಾರ ಕೊಟ್ಟು, ಸುತ್ತಿಗೆಗೂ ರಿಕಾಪಿಗೂ ನಡುವೆ ಸೇತುವೆಯಂತೆ ಮತ್ತೆ ಇಡುತ್ತಾರೆ. 20 ಕೋಟಿ ವರ್ಷದ ಹಿಂದೆ ಒಮ್ಮೆ ಕೆಲಸ ಬದಲಿಸಿದ ಮೂಳೆಗೆ ಆಪರೇಷನ್ ಟೇಬಲ್ಲಿನ ಮೇಲೆ ಇನ್ನೊಂದು ವರ್ಗಾವಣೆ.