ಬಾಡಿಗೆಯ ಸಿಂಹಾಸನಕ್ಕೊಂದು ಒಕ್ಕಣೆ

ನಾಲ್ಕು ಸಾಲಿನ ಒಂದು ಜಾಹೀರಾತನ್ನು ಸರಿಯಾಗಿ ಬರೆಯಲು ನನಗೆ ಬರುವುದಿಲ್ಲವೆಂಬುದು ನಿವೃತ್ತನಾದ ಮೇಲೆ ತಿಳಿದುಬಂತು. ಮೂವತ್ತು ವರ್ಷ ಹುಡುಗರಿಗೆ ಕನ್ನಡ ಪಾಠ ಹೇಳಿ, ಅವರ ಪ್ರಬಂಧಗಳಲ್ಲಿ ಬಣ್ಣನೆ ಸಾಲದೆಂದು ಕೆಂಪು ಮಸಿಯಲ್ಲಿ ಬರೆಯುತ್ತ ಬಂದವನಿಗೆ ಇದು ಹಿತವಾದ ತಿಳಿವಳಿಕೆಯೇನಲ್ಲ. ಆದರೂ ಹೇಳಿಕೊಂಡರೆ ಒಂದಿಬ್ಬರಿಗಾದರೂ ಉಪಕಾರವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಿಂದ ಕೃಷ್ಣರಾಜಸಾಗರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮೇಟಗಳ್ಳಿ ಉಂಟು. ಹಿಂದೆ ಅದು ಊರ ಹೊರಗಿನ ಹಳ್ಳಿ. ಕೈಗಾರಿಕಾ ಪ್ರದೇಶ ಬೆಳೆದಂತೆ ನಗರವು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಊಟ, ನಿದ್ದೆ, ಮದುವೆಯ ಮಾತುಕತೆ ಎಲ್ಲವೂ ಕಾರ್ಖಾನೆಯ ಪಾಳಿಯನ್ನು ಅನುಸರಿಸಿ ನಡೆಯುತ್ತಿದ್ದವು. ನಮ್ಮ ಬೀದಿಯ ಒಂದು ಮನೆಯಲ್ಲಿ ಯಜಮಾನ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಕೈಗೆ ಬಂದ ಅಲ್ಪ ಹಣದಿಂದ ಅವನ ಹೆಂಡತಿ ಹೊಸದೊಂದು ಉದ್ಯೋಗವನ್ನು ಆರಂಭಿಸಿದಳು. ಸೀಮಂತಕ್ಕೆ ಕೂರಿಸುವ ಸಿಂಹಾಸನದಂಥ ಕುರ್ಚಿ, ನಾಮಕರಣದ ತೊಟ್ಟಿಲು, ನವರಾತ್ರಿಯ ಬೊಂಬೆಗಳಿಗೆ ಮೆಟ್ಟಿಲು, ಶಾಲೆಯ ನಾಟಕಗಳಿಗೆ ಕಿರೀಟ, ಗದೆ, ಭುಜಕೀರ್ತಿ, ಹಿಂದೆ ಕಟ್ಟುವ ಬಣ್ಣದ ತೆರೆಗಳು — ಇವನ್ನೆಲ್ಲ ಕೂಡಿಸಿ ಬಾಡಿಗೆಗೆ ಕೊಡತೊಡಗಿದಳು. ಅವರ ನಡುಮನೆ ಉಗ್ರಾಣವಾಯಿತು. ಮಕ್ಕಳು ಕೌರವರ ಗದೆಗಳ ನಡುವೆ ಕುಳಿತು ಓದಿಕೊಳ್ಳಬೇಕಾಯಿತು.

ಒಂದು ಸಂಜೆ ಆಕೆ ಬಂದು, “ಮೇಷ್ಟ್ರೇ, ಇವನ್ನೆಲ್ಲ ಫೋನಿನಲ್ಲಿ ಹಾಕಬೇಕು. ಜನ ಅಲ್ಲೇ ನೋಡಿ ಕೇಳುತ್ತಾರಂತೆ. ನೀವು ಚೆನ್ನಾಗಿ ನಾಲ್ಕು ಮಾತು ಬರೆದುಕೊಡಿ” ಎಂದಳು. ನಾನು ಬರೆದುಕೊಟ್ಟೆ. ಕುರ್ಚಿಗೆ ‘ಅರಮನೆಯ ವೈಭವವನ್ನು ಕಣ್ಮುಂದೆ ತರುವ ಭವ್ಯ ಸಿಂಹಾಸನ’ವೆಂದೂ, ತೊಟ್ಟಿಲಿಗೆ ‘ಗೋಕುಲದ ಸೊಬಗಿನ ರತ್ನಖಚಿತ ತೊಟ್ಟಿಲು’ ಎಂದೂ ಹೆಸರಿಟ್ಟೆ. ಕುರ್ಚಿಯ ಒಂದು ಕಾಲನ್ನು ಬಡಗಿ ಜೋಡಿಸಿದ್ದನೆಂದು ಆಕೆ ಹೇಳಿದ್ದಳು. ಅಂಥ ಮಾತು ಸಿಂಹಾಸನದ ಪಕ್ಕದಲ್ಲಿ ಶೋಭಿಸುವುದಿಲ್ಲವೆಂದು ನಾನೇ ಬಿಟ್ಟುಬಿಟ್ಟೆ.

ಒಂದು ಸೀಮಂತಕ್ಕೆ ಆ ಕುರ್ಚಿ ಹೋಯಿತು. ಬಸುರಿ ಹೆಣ್ಣುಮಗಳನ್ನು ಅದರಲ್ಲಿ ಕೂರಿಸಿ ಆರತಿ ಎತ್ತುವ ಹೊತ್ತಿಗೆ ಜೋಡಿಸಿದ ಕಾಲು ಸಡಿಲಿ ಕುರ್ಚಿ ಒಂದು ಪಕ್ಕಕ್ಕೆ ವಾಲಿತು. ಹತ್ತಿರವೇ ಇದ್ದ ಅತ್ತೆ ತೋಳು ಹಿಡಿದದ್ದರಿಂದ ಆಕೆ ಬೀಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಕುರ್ಚಿ ಹಿಂದಿರುಗಿತು, ಜೊತೆಗೆ ಬಂದ ಮಾತುಗಳನ್ನು ನಮ್ಮ ಬೀದಿಯೆಲ್ಲ ಕೇಳಿತು. ಬೈಗುಳವನ್ನು ತಿಂದವಳು ಆಕೆ. ಅದಕ್ಕೆ ಪಾತ್ರನಾದವನು ಕಿಟಕಿಯ ಒಳಗೆ ನಿಂತು ಕೇಳುತ್ತಿದ್ದ ನಾನು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ವಕೀಲ ಮಿತ್ರರೊಬ್ಬರಲ್ಲಿ ಈ ವಿಷಯ ತೆಗೆದೆ. ಅವರು ೧೮೭೨ರ ಭಾರತೀಯ ಕರಾರು ಕಾಯಿದೆಯ ೧೫೦ನೆಯ ಕಲಮನ್ನು ತೋರಿಸಿದರು. ವಸ್ತುವನ್ನು ಸುಮ್ಮನೆ ಎರವಲು ಕೊಟ್ಟವನು ತನಗೆ ಗೊತ್ತಿದ್ದ ದೋಷವನ್ನು ಹೇಳದಿದ್ದರೆ ಅದರಿಂದಾದ ಹಾನಿಗೆ ಹೊಣೆ; ಬಾಡಿಗೆಗೆ ಕೊಟ್ಟವನಾದರೋ, ದೋಷ ತನಗೆ ಗೊತ್ತಿರಲಿ ಇಲ್ಲದಿರಲಿ, ಹೊಣೆಯೇ. ಕಾಯಿದೆ ಇದಕ್ಕೆ ಎರಡು ನಿದರ್ಶನಗಳನ್ನೂ ಕೊಡುತ್ತದೆ: ಒಂದು, ತುಂಟ ಕುದುರೆಯನ್ನು ಅದರ ಗುಣ ಹೇಳದೆ ಎರವಲು ಕೊಟ್ಟವನದು, ಇನ್ನೊಂದು, ಭದ್ರವಿಲ್ಲದ ಗಾಡಿಯನ್ನು ತಿಳಿಯದೆ ಬಾಡಿಗೆಗೆ ಕೊಟ್ಟವನದು. ಕುದುರೆಗಾಡಿಯ ಕಾಲದ ಈ ನ್ಯಾಯ ಫೋನಿನ ಕಾಲಕ್ಕೂ ಹಾಗೆಯೇ ನಿಂತಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೂ ಸುಳ್ಳು ಬಣ್ಣನೆಯನ್ನು ಮಾತ್ರವಲ್ಲ, ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಡುವುದನ್ನೂ ದಾರಿ ತಪ್ಪಿಸುವ ಜಾಹೀರಾತೆಂದು ಎಣಿಸುತ್ತದೆ. ನಾನು ಅಲಂಕಾರವೆಂದು ತಿಳಿದದ್ದು ಕಾನೂನಿನ ಕಣ್ಣಿಗೆ ಬೇರೆಯದಾಗಿಯೇ ಕಾಣುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಮಾರುವ ವಸ್ತುವಿನ ಜಾಹೀರಾತು ಬೇರೆ, ಬಾಡಿಗೆಗೆ ಕೊಡುವ ವಸ್ತುವಿನದು ಬೇರೆ. ಮಾರಿದ್ದು ಮತ್ತೆ ನಮ್ಮ ಮನೆಗೆ ಬರುವುದಿಲ್ಲ; ಬಾಡಿಗೆಗೆ ಹೋದದ್ದು ಬಂದೇ ಬರುತ್ತದೆ, ಜೊತೆಗೆ ನಮ್ಮ ಮಾತಿನ ಬಗ್ಗೆ ಒಂದು ತೀರ್ಪನ್ನೂ ಹೊತ್ತು ತರುತ್ತದೆ. ಅದರಲ್ಲಿಯೂ ಈ ವ್ಯಾಪಾರದ ಸರಕೆಲ್ಲ ಭ್ರಮೆಯ ಸರಕು. ತಗಡು ಕಿರೀಟವಾಗುವುದೂ, ಗಾಜಿನ ಚೂರು ರತ್ನವಾಗುವುದೂ ಇಲ್ಲಿ ಧರ್ಮವೇ. ಆದರೆ ಆ ಭ್ರಮೆ ಸಲ್ಲಬೇಕಾದದ್ದು ಪ್ರೇಕ್ಷಕನಿಗೆ. ಅದನ್ನು ತಲೆಯ ಮೇಲೆ ಹೊರುವವನಿಗೆ ತಗಡು ತಗಡೆಂದೇ ತಿಳಿದಿರಬೇಕು. ಅಂಚು ಎಲ್ಲಿ ಹರಿತವಾಗಿದೆಯೆಂಬುದೂ ತಿಳಿದಿರಬೇಕು.

ಹಿಂದೆ ಈ ತಿಳಿವಳಿಕೆಗೆ ಜಾಹೀರಾತು ಬೇಕಾಗಿರಲಿಲ್ಲ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಲಿಗಳಲ್ಲಿ ಪರದೆ, ಪೆಟ್ಟಿಗೆ, ಆಯುಧಗಳೆಲ್ಲ ಕಂಪನಿಯ ಸ್ವಂತ ಆಸ್ತಿ. ಯಾವ ಪರದೆ ಎಲ್ಲಿ ಹರಿದಿದೆಯೆಂದು ಅದನ್ನು ಎಳೆಯುವವನಿಗೇ ಗೊತ್ತು. ಮೈಸೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ರೈತರೇ ಬಣ್ಣ ಹಚ್ಚಿ ಒಂದು ರಾತ್ರಿ ಕುರುಕ್ಷೇತ್ರ ಆಡುವಾಗ ಸೀನರಿಯೂ ಉಡುಪೂ ಬಾಡಿಗೆಗೆ ಬರುವುದು ಇಂದಿಗೂ ಉಂಟು. ಅಲ್ಲಿ ನಡುವೆ ಒಬ್ಬ ನಾಟಕದ ಮೇಷ್ಟ್ರಿರುತ್ತಾನೆ. ಕೊಡುವವನ ಸರಕೂ ಅವನಿಗೆ ಗೊತ್ತು, ಭೀಮನ ಪಾತ್ರದವನ ತಲೆಯ ಸುತ್ತಳತೆಯೂ ಗೊತ್ತು. ಈಗ ಫೋನು ಆ ನಡುವಣ ಮನುಷ್ಯನನ್ನು ತೆಗೆದುಹಾಕಿದೆ. ಅವನು ಹೇಳುತ್ತಿದ್ದುದನ್ನೆಲ್ಲ ಆ ನಾಲ್ಕು ಸಾಲಿನ ಒಕ್ಕಣೆಯೇ ಹೇಳಬೇಕಾಗಿದೆ.

ಏನೇನನ್ನು ಹೇಳಬೇಕು? ಮೊದಲು ಹೆಸರು. ಇಲ್ಲಿ ನನಗೂ ಆ ಹೆಣ್ಣುಮಗಳಿಗೂ ಒಂದು ಜಗಳವಾಯಿತು. ನಾನು ‘ಹಿನ್ನೆಲೆಯ ತೆರೆ’ ಎಂದೆ. ಆಕೆ, “ಯಾರೂ ಹಾಗೆ ಹುಡುಕುವುದಿಲ್ಲ ಮೇಷ್ಟ್ರೇ, ಬ್ಯಾಕ್‌ಡ್ರಾಪ್ ಅಂತಲೇ ಕೇಳುತ್ತಾರೆ” ಎಂದಳು. ಸೋತವನು ನಾನು. ಹುಡುಕುವವನ ಬಾಯಲ್ಲಿರುವ ಪದವೇ ಮೊದಲ ಸಾಲಿನಲ್ಲಿರಬೇಕು, ಜೊತೆಗೆ ಊರಿನ ಹೆಸರೂ ಇರಬೇಕು: ‘ಸೀಮಂತದ ಕುರ್ಚಿ, ಬಾಡಿಗೆಗೆ, ಮೇಟಗಳ್ಳಿ, ಮೈಸೂರು’. ಕನ್ನಡದಲ್ಲಿ ಹುಡುಕುವವರೂ ಇದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರೂ ಇದ್ದಾರೆ. ಎರಡರಲ್ಲಿಯೂ ಬರೆದರೆ ಯಾರಿಗೂ ನಷ್ಟವಿಲ್ಲ. ‘ಭವ್ಯ’ ಎಂಬ ಪದವನ್ನು ಮಾತ್ರ ಯಾರೂ ಹುಡುಕಿಕೊಂಡು ಬರುವುದಿಲ್ಲ.

ಎರಡನೆಯದು ಅಳತೆ. ‘ದೊಡ್ಡ ಬೊಂಬೆ ಮೆಟ್ಟಿಲು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಮೆಟ್ಟಿಲು ಒಂಬತ್ತೋ ಏಳೋ, ಅಗಲ ಎಷ್ಟು ಅಡಿ, ಒಂದೊಂದು ಮೆಟ್ಟಿಲ ಮೇಲೆ ಎಷ್ಟು ಅಂಗುಲದ ಪಟ್ಟದ ಬೊಂಬೆ ನಿಂತೀತು, ಬಿಚ್ಚಿ ಕಟ್ಟಬಹುದೋ ಇಲ್ಲವೋ, ಗೂಡ್ಸ್ ಆಟೋದಲ್ಲಿ ಹಿಡಿಸುತ್ತದೆಯೋ — ಇವನ್ನು ತಿಳಿಸಬೇಕು. ಮೂರನೆಯ ಅಂತಸ್ತಿನ ಮನೆಗೆ ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ಹಿಡಿಸದೆ ನಿಂತವನಿಗೆ ನಮ್ಮ ಬಣ್ಣನೆಯಿಂದ ಯಾವ ಸಮಾಧಾನವೂ ಸಿಗದು.

ಮೂರನೆಯದು ಚಿತ್ರ. ಹಗಲು ಬೆಳಕಿನಲ್ಲಿ ತೆಗೆದಿರಬೇಕು, ನಮ್ಮದೇ ವಸ್ತುವಿನದಾಗಿರಬೇಕು, ಎಲ್ಲಿಂದಲೋ ಎತ್ತಿದ ಅಂದದ ಚಿತ್ರವಾಗಬಾರದು. ಮುಂಭಾಗದೊಡನೆ ಹಿಂಭಾಗವನ್ನೂ ತೋರಿಸಬೇಕು. ಪಕ್ಕದಲ್ಲಿ ಅಳತೆಯ ಟೇಪನ್ನೋ ಎಲ್ಲರಿಗೂ ಗುರುತಿರುವ ಬಿಂದಿಗೆಯನ್ನೋ ಇಟ್ಟರೆ ಗಾತ್ರ ತಾನೇ ತಿಳಿಯುತ್ತದೆ. ದೋಷವಿದ್ದ ಕಡೆಗೆ ಬೇರೆಯೇ ಒಂದು ಚಿತ್ರವಿರಲಿ. ಅದು ಹಿಂದಿರುಗಿದಾಗ ಈ ಗೀಚು ಹಳೆಯದೋ ಹೊಸದೋ ಎಂಬ ಜಗಳಕ್ಕೂ ಅದೇ ಸಾಕ್ಷಿ.

ನಾಲ್ಕನೆಯದು ಕರಾರು. ಬಾಡಿಗೆ ದಿನಕ್ಕೆ ಎಷ್ಟು ಎಂದರೆ ಸಾಲದು. ದಿನವೆಂದರೆ ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಎಂದೂ ಹೇಳಬೇಕು. ಮುಂಗಡ ಎಷ್ಟು, ಠೇವಣಿ ಎಷ್ಟು, ಅದು ಯಾವಾಗ ಹಿಂದಕ್ಕೆ, ಸಾಗಣೆ ಯಾರದು, ತಡವಾದರೆ ಏನು, ಅರಿಸಿನ, ಎಣ್ಣೆ ತಾಗಿ ಬಟ್ಟೆ ಕೆಟ್ಟರೆ ಏನು. ತೆಗೆದುಕೊಂಡವನಿಗೂ ಕಾಯಿದೆಯಲ್ಲಿ ಹೊಣೆ ಉಂಟು: ತನ್ನ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬನು ಹೇಗೆ ನೋಡಿಕೊಂಡಾನೋ ಹಾಗೆ ಪರರದನ್ನೂ ನೋಡಿಕೊಳ್ಳಬೇಕೆಂದು ೧೫೧ನೆಯ ಕಲಂ ಹೇಳುತ್ತದೆ. ಆದರೆ ಕಾಯಿದೆಯನ್ನು ಓದಿ ಯಾರೂ ಸೀಮಂತ ಮಾಡುವುದಿಲ್ಲ. ಒಕ್ಕಣೆಯಲ್ಲಿದ್ದರೆ ಮಾತ್ರ ಓದಿಯಾರು.

ಐದನೆಯದನ್ನು ಮೈಸೂರಿನವರು ಮರೆಯಲೇಬಾರದು. ವಸ್ತು ಯಾವುದರಿಂದ ಮಾಡಿದ್ದೆಂದು ಬರೆಯಬೇಕು. ೧೯೮೯ರ ಫೆಬ್ರವರಿಯಲ್ಲಿ ನಮ್ಮ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿ ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಅರಮನೆಯಂತೆ ಕಾಣುವ ಗೋಡೆ ಕಲ್ಲಿನದಲ್ಲ. ಬಟ್ಟೆ, ಹಲಗೆ, ಥರ್ಮೊಕೋಲುಗಳಿಂದಾದದ್ದಿರಬಹುದು. ನೋಡುವವನು ಅದನ್ನು ಕಲ್ಲೆಂದು ನಂಬಲಿ. ಅದರ ಮುಂದೆ ದೀಪ ಹಚ್ಚುವವನು ಹಾಗೆ ನಂಬಿದರೆ ಅಪಾಯ. ‘ಇದು ಬಟ್ಟೆಯದು, ಹತ್ತಿರ ದೀಪ, ಕರ್ಪೂರ ಬೇಡ’ ಎಂಬ ಒಂದು ಸಾಲು ಎಷ್ಟು ಬಾಡಿಗೆಯನ್ನು ಕಳೆದರೂ ಇರಲೇಬೇಕಾದ ಸಾಲು.

ಇಷ್ಟೆಲ್ಲ ಬರೆದರೆ ಯಾರು ಕೊಂಡುಹೋಗುತ್ತಾರೆ, ಪಕ್ಕದವನು ಎಲ್ಲವನ್ನೂ ಭವ್ಯವೆಂದು ಕೂಗುತ್ತಿರುವಾಗ — ಎಂದು ಕೇಳುವವರುಂಟು. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಸತ್ಯ ಹೇಳಿದವನಿಗೆ ಮೊದಲ ವಾರ ಗಿರಾಕಿ ಕಡಿಮೆಯಾದಾರು. ಆದರೆ ಈ ಸರಕನ್ನು ಹುಡುಕುವವರು ಬಹುಮಟ್ಟಿಗೆ ನಾಳೆಯ ಕಾರ್ಯಕ್ಕೆ ಇಂದು ಪರದಾಡುವವರು; ಅವರಿಗೆ ಬೇಕಾದದ್ದು ಹೊಗಳಿಕೆಯಲ್ಲ, ನಿಶ್ಚಯ. ಎಡಭಾಗದ ಬಣ್ಣ ಹೋಗಿದೆಯೆಂದು ತಿಳಿದರೆ ಆ ಭಾಗವನ್ನು ಗೋಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ತಿಳಿಯದೆ ಹೋದರೆ ಮುಹೂರ್ತಕ್ಕೆ ಅರ್ಧ ಗಂಟೆಯಿರುವಾಗ ಫೋನು ಮಾಡಿ ಬೈಯುತ್ತಾರೆ. ಇನ್ನು, ದೋಷವನ್ನು ಹೇಳಿಬಿಟ್ಟರೆ ಸಾಕೆಂದೂ ತಿಳಿಯಬಾರದು. ಬಣ್ಣ ಹೋದದ್ದನ್ನು ಹೇಳಬೇಕು. ಕಾಲು ಮುರಿದದ್ದನ್ನು ರಿಪೇರಿ ಮಾಡಿಸಬೇಕು, ಅಲ್ಲಿಯವರೆಗೆ ಅದನ್ನು ಕೊಡಲೇಬಾರದು.

ಒಕ್ಕಣೆಯನ್ನು ಒಮ್ಮೆ ಬರೆದು ಬಿಟ್ಟರೂ ಆಗದೆಂಬುದನ್ನು ಆ ಹೆಣ್ಣುಮಗಳೇ ನನಗೆ ಕಲಿಸಿದಳು. ಆಷಾಢ, ಧನುರ್ಮಾಸಗಳಲ್ಲಿ ಮದುವೆ ಮುಂಜಿಗಳಿಲ್ಲ, ಮಂಟಪದ ಸಾಮಾನು ಮೂಲೆ ಸೇರುತ್ತದೆ. ಆದರೆ ಧನುರ್ಮಾಸ ಬೀಳುವ ಡಿಸೆಂಬರ್, ಜನವರಿಗಳಲ್ಲಿಯೇ ಶಾಲೆಗಳ ವಾರ್ಷಿಕೋತ್ಸವ. ಆಗ ಆಕೆ ಕುರ್ಚಿಯನ್ನು ಕೆಳಗಿಳಿಸಿ ಕಿರೀಟ, ಗದೆಗಳನ್ನು ಮೇಲಕ್ಕೆ ತರುತ್ತಾಳೆ. ‘ಹತ್ತು ವರ್ಷದ ಹುಡುಗರ ತಲೆಗೆ ಆಗುತ್ತದೆ, ಒಳಗೆ ಬಟ್ಟೆ ಕಟ್ಟಿದೆ’ ಎಂದು ಸೇರಿಸುತ್ತಾಳೆ. ಕೃಷ್ಣ ಜನ್ಮಾಷ್ಟಮಿಗೆ ಕೊಳಲು, ನವಿಲುಗರಿ. ದಸರೆಗೆ ಬೊಂಬೆ ಮೆಟ್ಟಿಲು. ಹೋದ ವಸ್ತುವಿನ ಮುಂದೆ ‘ಈ ದಿನ ಇಲ್ಲ’ ಎಂದು ಕೂಡಲೆ ಬರೆಯುತ್ತಾಳೆ.

ಮೊನ್ನೆ ಬಡಗಿಯಿಂದ ಕುರ್ಚಿ ಮರಳಿ ಬಂತು. ಆಕೆ ತಾನೇ ಒಕ್ಕಣೆ ಬರೆದು ತಂದು ತೋರಿಸಿದಳು: ‘ಸೀಮಂತದ ಕುರ್ಚಿ. ಮರದ್ದು, ಮೇಲೆ ಚಿನ್ನದ ಬಣ್ಣ. ಎತ್ತರ ನಾಲ್ಕು ಅಡಿ ಎರಡು ಅಂಗುಲ. ಒಬ್ಬರು ಕೂರಬಹುದು. ಹಿಂದಿನ ಎಡಗಾಲನ್ನು ಹೊಸದಾಗಿ ಹಾಕಿಸಿದೆ, ನಮ್ಮ ಮನೆಯವರೇ ಕೂತು ನೋಡಿದ್ದೇವೆ. ಹಿಂಭಾಗದಲ್ಲಿ ಬಣ್ಣ ಸ್ವಲ್ಪ ಹೋಗಿದೆ, ಫೋಟೋ ನೋಡಿ. ಬಂದು ಕೂತು ನೋಡಿ ತೆಗೆದುಕೊಂಡು ಹೋಗಬಹುದು.’

“ಇದರಲ್ಲಿ ಏನಾದರೂ ತಿದ್ದಬೇಕೆ ಮೇಷ್ಟ್ರೇ?” ಎಂದಳು. ನಾನು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದೆ. ಕೆಂಪು ಮಸಿಯ ಲೇಖನಿ ಮೇಜಿನ ಮೇಲೆಯೇ ಇತ್ತು. “ಏನೂ ಬೇಡಮ್ಮ, ಹಾಗೆಯೇ ಹಾಕು” ಎಂದೆ.