ಹೆಂಡ, ತಂಬಾಕು ಮತ್ತು ನಮ್ಮಮ್ಮನ ಸಾರು

2024ರ ಡಿಸೆಂಬರ್ 20, 21, 22ರಂದು ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದಕ್ಕೆ ಮುಂಚೆ ಮಳಿಗೆಯವರಿಗೆಂದು ಹೊರಟ ಸೂಚನೆಯಲ್ಲಿ ಮೂರು ನಿಷಿದ್ಧ ವಸ್ತುಗಳು ಒಂದೇ ಸಾಲಿನಲ್ಲಿ ಕೂತಿದ್ದವು: ಮದ್ಯ, ತಂಬಾಕು, ಮಾಂಸಾಹಾರ. ನಾವು ಆ ಸಾಲನ್ನು ಯಲ್ದೂರಿನಲ್ಲಿ ಕೂತು ಓದಿದೆವು. ಓದು ಬಾರದ ಅಮ್ಮನಿಗೂ ಓದಿ ಹೇಳಿದೆವು. ಅವಳು ಸೊಪ್ಪು ಸೋಸುತ್ತಾ ಕೇಳಿದ್ದು ಇಷ್ಟೇ: "ಅಲ್ಲಪ್ಪಾ, ಹೆಂಡ ಕುಡಿದ್ರೆ ಮನೆ ಹಾಳಾಯ್ತದೆ, ಹೊಗೆಸೊಪ್ಪು ಅಗಿದ್ರೆ ಬಾಯಿ ಹಾಳಾಯ್ತದೆ. ನನ್ನ ಸಾರು ಉಂಡು ಯಾರು ಹಾಳಾದ್ರು?"

ಕನ್ನಡದ ಯಜಮಾನರೇ, ಈ ಪ್ರಶ್ನೆಗೆ ಉತ್ತರ ಕೊಡಿ. ಹೆಂಡದಂಗಡಿಯ ಪಕ್ಕಕ್ಕೆ ನಮ್ಮ ಒಲೆಯನ್ನು ಎತ್ತಿಟ್ಟವರು ನೀವು.

ಪಕ್ಕದೂರಿನ ಗೆಳೆಯನೊಬ್ಬ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬಂದಾಗ ಫೋನಿನಲ್ಲಿ ಹಡಗಿನ ಊಟದ ಪಟ್ಟಿ ತೋರಿಸಿದ. ಒಂದು ಕಡೆ ಮೀನು, ಕುರಿ, ಕೋಳಿ. ಇನ್ನೊಂದು ಕಡೆ ತರಕಾರಿ. ಜೈನರಿಗೆ ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆ ಇಲ್ಲದ್ದು ಬೇರೆ. ಹಾಲು ತುಪ್ಪವನ್ನೂ ಮುಟ್ಟದ ವೀಗನ್ನರಿಗೆ ಮತ್ತೂ ಬೇರೆ. ಹಸಿ ಮಾಂಸ ಕತ್ತರಿಸುವ ಮಣೆಗೊಂದು ಬಣ್ಣ, ತರಕಾರಿ ಮಣೆಗೊಂದು ಬಣ್ಣ. ಸಾವಿರಾರು ಜನ ದಿನಕ್ಕೆ ಮೂರು ಹೊತ್ತು ಉಣ್ಣುತ್ತಾರಂತೆ. ಮಾಂಸ ತಿನ್ನುವವನು ಪಕ್ಕದಲ್ಲಿ ಕೂತನೆಂದು ಯಾರೂ ಸಮುದ್ರಕ್ಕೆ ಹಾರಿಲ್ಲವಂತೆ. "ದುಡ್ಡು ಕೊಟ್ಟವನ ನಾಲಗೆಗೆ ಮರ್ಯಾದೆ ಕಣ್ರೋ" ಅಂದ. ಗೆಳೆಯರೇ, ಗುಟ್ಟು ಅಲ್ಲೇ ಇದೆ. ಟಿಕೆಟ್ಟು ಕೊಂಡವನಿಗೆ ಬೇಕಾದ್ದನ್ನೆಲ್ಲ ನೀರಿನ ನಡುವೆಯೂ ಬೇಯಿಸಿ ಬಡಿಸಲು ಬರುತ್ತದೆ. ಜನರ ತೆರಿಗೆಯ ದುಡ್ಡಲ್ಲಿ, ಗಟ್ಟಿ ನೆಲದ ಮೇಲೆ, ಆ ನೆಲದವರೇ ಉಣ್ಣುವ ಊಟ ಬಡಿಸಿ ಎಂದರೆ ಮಾತ್ರ ಸಂಸ್ಕೃತಿ ಅಡ್ಡ ಬರುತ್ತದೆ.

ಅದೂ ಯಾವ ನೆಲ? ಮಂಡ್ಯ! ಮಂಡ್ಯ ತಳಿ ಎಂದೂ ಬನ್ನೂರು ಕುರಿ ಎಂದೂ ಹೆಸರಾದ, ಬಾಡಿನ ರುಚಿಗಾಗಿಯೇ ಜನ ಹುಡುಕಿಕೊಂಡು ಹೋಗುವ ಕುರಿಯ ನೆಲ. ಆ ಜಿಲ್ಲೆಯ ಹೆಸರನ್ನು ಕುರಿಗೆ ಇಡಬಹುದು, ಆ ಕುರಿಯನ್ನು ಜಿಲ್ಲೆಯ ಸಮ್ಮೇಳನದ ಎಲೆಗೆ ಹಾಕಬಾರದು. ಇದ್ಯಾವ ನ್ಯಾಯ? 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಸುಮಾರು ಐವರಲ್ಲಿ ಒಬ್ಬರು. ಆ ಒಬ್ಬರ ಊಟ ‘ಕನ್ನಡಿಗರ ಊಟ’ವಾಯಿತು. ಮಿಕ್ಕ ನಾಲ್ವರದು ‘ನಾನ್‌ವೆಜ್’. ಆ ಪದವನ್ನೇ ನೋಡಿ. ನಮಗೊಂದು ಹೆಸರೂ ಇಲ್ಲ. ಅವರಲ್ಲದವರು ನಾವು, ಅಷ್ಟೇ. ಬಾಡು ಎಂಬ ಚೆಂದದ ಕನ್ನಡ ಪದ ಇದೆ. ಬಾಯಿ ತುಂಬ ಹೇಳಬಹುದಾದ ಪದ. ಕನ್ನಡ ಉಳಿಸುವವರ ವೇದಿಕೆಯಲ್ಲಿ ಆ ಕನ್ನಡಕ್ಕೆ ಬಹಿಷ್ಕಾರ.

ಮಂಡ್ಯದ ಗೆಳೆಯರು ಸುಮ್ಮನಿರಲಿಲ್ಲ. ಬಾಡೂಟ ಬೇಕೆಂದು ಬೀದಿಗಿಳಿದರು. ಮನೆಮನೆಯಿಂದ ಕೋಳಿ ಕೇಳಿದರು. ಕೊನೆಯ ದಿನ ತಾವೇ ಮುದ್ದೆ, ಕೋಳಿಸಾರು ತಂದು ಹಂಚಿದರು. ಪೊಲೀಸರ ಜೊತೆ ಮಾತಿಗೆ ಮಾತು ಬೆಳೆಯಿತು. ಆಳುವವರು ಆ ದಿನ ಊಟಕ್ಕೆ ಮೊಟ್ಟೆ ಸೇರಿಸಿದರು. ನಾವು ಆ ಮೊಟ್ಟೆಯನ್ನು ಹಗುರಾಗಿ ಕಾಣುವುದಿಲ್ಲ. ಸಮ್ಮೇಳನದ ಪಂಕ್ತಿಯೊಳಕ್ಕೆ ಆ ಒಂದು ಮೊಟ್ಟೆ ಉರುಳಿಕೊಂಡು ಬರಲು ಎಷ್ಟು ಜನ ಗಂಟಲು ಹರಿದುಕೊಳ್ಳಬೇಕಾಯಿತು ಎಂದು ಲೆಕ್ಕ ಇಡುತ್ತೇವೆ.

ಈ ಬಾಗಿಲು ನಮಗೆ ಹೊಸತಲ್ಲ. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದು ಚೆನ್ನಣ್ಣ ವಾಲೀಕಾರರು ಕೇಳಿದರು. ಕೊಡಲಿಲ್ಲ. ಆ ವರ್ಷದ ಮಾರ್ಚಿಯಲ್ಲೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಅದಾದ ಮೇಲೆ ನಮ್ಮ ಹಿರಿಯರ ಕವಿತೆಗಳು ಪಠ್ಯಪುಸ್ತಕ ಸೇರಿದವು, ಸಮ್ಮೇಳನದಲ್ಲಿ ದಲಿತ ಗೋಷ್ಠಿ ಎಂಬ ಒಂದು ಗಂಟೆ ಕಾಯಂ ಆಯಿತು. ಗೋಷ್ಠಿಯಲ್ಲಿ ನಮ್ಮ ಹಸಿವಿನ ಕವಿತೆ ಓದಿಸಿ ಚಪ್ಪಾಳೆ ತಟ್ಟುತ್ತಾರೆ. ಗೋಷ್ಠಿ ಮುಗಿದು ಊಟಕ್ಕೆ ಎದ್ದರೆ, ಆ ಕವಿತೆಯೊಳಗಿನ ಊಟ ಮಾತ್ರ ಚಪ್ಪರದ ಆಚೆ.

"ಲಕ್ಷ ಜನಕ್ಕೆ ಬಾಡೂಟ ಹೇಗಪ್ಪಾ ಮಾಡೋದು? ಎರಡೆರಡು ಅಡುಗೆ ಆಗುವ ಮಾತಾ?" ಎಂದು ಕೇಳುವ ಸಜ್ಜನರೂ ಇದ್ದಾರೆ. ಅವರು ಒಂದು ಸಲ ಶ್ರೀನಿವಾಸಪುರದ ಕಡೆ ಬೀಗರೂಟಕ್ಕೆ ಬರಲಿ. ಬೆಳಕು ಹರಿಯುವ ಮುಂಚೆ ಕುರಿ ಬಿದ್ದಿರುತ್ತವೆ. ಕೊಪ್ಪರಿಗೆಗಳಲ್ಲಿ ಈರುಳ್ಳಿ, ಧನಿಯ, ತೆಂಗಿನಕಾಯಿ ಮಸಾಲೆ ಕುದಿಯುತ್ತಿರುತ್ತದೆ. ಒಬ್ಬ ಕೋಲು ಹಾಕಿ ಹಿಟ್ಟು ತೊಳಸಿದರೆ ನಾಲ್ವರು ಹೆಂಗಸರು ಒದ್ದೆ ಕೈಯಲ್ಲಿ ಮುದ್ದೆ ಕಟ್ಟುತ್ತಾರೆ. ಸಾವಿರ ಎಲೆ ಎದ್ದರೂ ಸಾರು ಕೆಟ್ಟಿರುವುದಿಲ್ಲ. ಇನ್ನೊಂದು ಮೂಲೆಯ ಬೇರೆ ಒಲೆಯಲ್ಲಿ ಬೇಳೆಸಾರು, ಪಲ್ಯ. ಅದಕ್ಕೆ ಬೇರೆ ಸೌಟು. ತಿರುಪತಿ ತಿಮ್ಮಪ್ಪನ ಒಕ್ಕಲು, ಶನಿವಾರ ಮುಟ್ಟದವರು, ಹರಕೆ ಹೊತ್ತವರು, ಶ್ರಾವಣ ಹಿಡಿದವರು, ಬಾಡಿನ ವಾಸನೆಗೇ ಮುಖ ಹಿಂಡುವ ಒಬ್ಬ ಸೋದರಮಾವ, ಎಲ್ಲರೂ ಅದೇ ಪಂದಿಯಲ್ಲಿ ಕೂರುತ್ತಾರೆ. ಬಡಿಸುವವನು "ನಿಮಗೆ ಯಾವುದಣ್ಣಾ?" ಅನ್ನುತ್ತಾನೆ. "ನಂಗೆ ಸೊಪ್ಪಿಂದು ಇಕ್ಕಪ್ಪಾ" ಅನ್ನುತ್ತಾರೆ. ಮುಗಿಯಿತು. ಹಡಗಿನವರು ಓದಿ ಕಲಿತದ್ದನ್ನು ನಮ್ಮ ಅಮ್ಮಂದಿರು ಒಂದೇ ಒಲೆಯ ಮುಂದೆ ಕಲಿತಿದ್ದಾರೆ. ಸೋಮವಾರ ಉಪವಾಸದ ಅಜ್ಜಿಗೊಂದು ಪಾತ್ರೆ, ಬಾಡಿಲ್ಲದೆ ತುತ್ತಿಳಿಯದ ಮೊಮ್ಮಗನಿಗೊಂದು ಪಾತ್ರೆ. ಅದಕ್ಕೆ ಅವರು ಸಮತೋಲನ ಎಂದೇನೂ ಹೆಸರಿಡಲಿಲ್ಲ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಹತ್ತು ಮನೆ ದುಡ್ಡು ಹಾಕಿ ಒಂದು ಕುರಿ ತಂದು, ಕೊಯ್ದು, ಗುಡ್ಡೆ ಹಾಕುತ್ತಾರೆ. ಮೂಳೆ, ಮೆತ್ತನೆಯದು, ಈಲಿ, ಬೋಟಿ ಎಲ್ಲ ಗುಡ್ಡೆಗೂ ಸಮ. ತಕ್ಕಡಿ ಇರುವುದಿಲ್ಲ, ಕಣ್ಣಳತೆ. ತಕರಾರು ಬಂದರೆ ಆ ಗುಡ್ಡೆ ಹಾಕಿದವನೇ ಕೊನೆಯಲ್ಲಿ ಉಳಿದದ್ದನ್ನು ತಗೋಬೇಕು. ಸಮಪಾಲು ಎಂದರೆ ಏನೆಂದು ನಾವು ಮೊದಲು ಕಂಡದ್ದು ಹೊಂಗೆಸೊಪ್ಪಿನ ಮೇಲೆ ಹರಡಿದ ಆ ಗುಡ್ಡೆಗಳಲ್ಲಿ. ಪುಸ್ತಕ ಓದಿದ್ದು ಆಮೇಲೆ.

ಹಾಗೆಂದು ಬಾಡು ಕಂಡಲ್ಲೆಲ್ಲ ಜೈ ಅನ್ನುವವರೂ ನಾವಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನ ತಿನ್ನುವುದನ್ನು ಬಿಡಿ ಎಂದರು. ನಮ್ಮ ಅಜ್ಜಂದಿರು ಬಿಟ್ಟರು. ಮಡಿಗಾಗಿ ಬಿಟ್ಟದ್ದಲ್ಲ ಅದು. ಸತ್ತದ್ದನ್ನು ಹೊತ್ತು ಸಾಗಿಸು, ಕೂಲಿಗೆ ಬದಲು ಅದನ್ನೇ ತಿನ್ನು ಎಂಬ ಜೀತವನ್ನು ಬಿಟ್ಟದ್ದು. ಅದೇ ಬಾಬಾಸಾಹೇಬರು 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರನ್ನು ದನದ ಮಾಂಸದಲ್ಲೇ ಹುಡುಕಿ ತೋರಿಸಿದರು. ತಟ್ಟೆಯಲ್ಲಿ ಏನಿದೆ ಎಂದು ಇಣುಕಿ ನೋಡುವ ಕಣ್ಣು ಜಾತಿಯ ಕಣ್ಣು ಎಂದು ನಮಗೆ ಅಂದಿನಿಂದ ಗೊತ್ತು. ಬೆಂಗಳೂರಿನಲ್ಲಿ ನಾವು ಮೂವರು ಬಾಡಿಗೆ ರೂಮು ಹುಡುಕಿದಾಗ ಯಾರೂ ನಮ್ಮ ಜಾತಿ ಕೇಳಲಿಲ್ಲ. ಕಾಲ ಸುಧಾರಿಸಿದೆಯಲ್ಲ! "ನೀವು ವೆಜ್ಜಾ?" ಎಂದು ಕೇಳಿದರು. ಆರು ಮನೆ, ಆರು ಸಲ. ಏಳನೆಯ ಮನೆಯಲ್ಲಿ ಸುಳ್ಳು ಹೇಳಿದೆವು. ಒಂದು ವರ್ಷ ಕಿಟಕಿ ಮುಚ್ಚಿ ಮೊಟ್ಟೆ ಬೇಯಿಸಿದೆವು, ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ಮೂರು ಬೀದಿ ಆಚೆ ಎಸೆದೆವು. ಪದವಿ ಪಡೆದವರು ನಾವು, ನಮ್ಮ ಮನೆತನಗಳಲ್ಲೇ ಮೊದಲಿಗರು. ಮೊಟ್ಟೆಯ ಸಿಪ್ಪೆ ಕದ್ದವರ ಹಾಗೆ ನಡೆದೆವು.

ವೀಗನ್ ಗೆಳೆಯರ ಬಗ್ಗೆ ಒಂದು ಮಾತು. ಅವರಲ್ಲಿ ಕೆಲವರ ಮೇಲೆ ನಮಗೆ ಗೌರವ ಇದೆ. ಕರುವಿನ ಹಾಲು ಕರುವಿಗೆ ಎನ್ನುವಾಗ ಅವರು ತುಪ್ಪದ ಬಟ್ಟಲನ್ನೂ ಪಕ್ಕಕ್ಕೆ ಸರಿಸುತ್ತಾರೆ. ಹಾಲು ಮೊಸರು ಬೆಣ್ಣೆಯಲ್ಲಿ ಮುಳುಗೆದ್ದು ಅಹಿಂಸೆ ಹೇಳುವವರಿಗಿಂತ ಇವರು ವಾಸಿ. ಆದರೆ ಅವರು ನಮ್ಮ ಕೋಲಾರಕ್ಕೂ ಬರಬೇಕು. ಕೆರೆ ಬತ್ತಿ, ಕೊಳವೆಬಾವಿ ಸಾವಿರ ಅಡಿ ದಾಟಿ, ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಜಿಲ್ಲೆಯಿದು. ಡೈರಿಗೆ ಹಾಲು ಹಾಕಿ ಬದುಕುತ್ತಿರುವವರಿಗೆ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಬತ್ತಿದ ಹಸುವನ್ನು, ಬೇಡದ ಗಂಡುಕರುವನ್ನು ಏನು ಮಾಡಬೇಕೆಂದೇ ತಿಳಿಯದು. ಕೊಯ್ದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರಕ್ಕೆ ಕಮ್ಮಿಯಿಲ್ಲದ ದಂಡ. ಹಾಲು ಕುಡಿಯುವವರು ಬೇರೆ, ಹಾಲು ಬತ್ತಿದ ಮೇಲೆ ಹುಲ್ಲು ಹಾಕುವವರು ಬೇರೆ. ಬಡವನ ತಟ್ಟೆಯಿಂದ ಅಗ್ಗದ ಮಾಂಸ ಹೋಯಿತು, ಸಣ್ಣ ರೈತನ ಕೊಟ್ಟಿಗೆಯಲ್ಲಿ ಸಾಲ ನಿಂತಿತು.

ದೊಡ್ಡವರ ಊಟ ಹಾಳಾಗಲಿ, ಮಕ್ಕಳ ತಟ್ಟೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ನಾವು ಬರೆದ ಎಲ್ಲ ಕವಿತೆಗಳನ್ನು ಆ ಹುಡುಗಿಯ ಕಾಲಡಿ ಇಡಬಹುದು. ಮೊಟ್ಟೆ ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದುಡ್ಡೂ ಸೇರಿ ವಾರಕ್ಕೆ ಆರು ದಿನವಾಯಿತು. ತಿನ್ನದ ಮಗುವಿಗೆ ಬಾಳೆಹಣ್ಣು. ಇದೇ ನಾವು ಕೇಳುವ ಊಟದ ಪಟ್ಟಿ. ಬೇಕಾದವರಿಗೆ ಇದು, ಬೇಡದವರಿಗೆ ಅದು, ಕೂರುವುದು ಒಂದೇ ಜಗಲಿ.

ಅದನ್ನೂ ಬಿಡಲಿಲ್ಲ. 2025ರಲ್ಲಿ ಅದೇ ಮಂಡ್ಯದ ಆಲಕೆರೆಯಲ್ಲಿ, ಗುಡಿಯ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಎಷ್ಟೋ ಪೋಷಕರು ಮಕ್ಕಳನ್ನೇ ಶಾಲೆ ಬಿಡಿಸಿದರು. ಬಾಳೆಹಣ್ಣು ಇತ್ತಲ್ಲ? ಇತ್ತು. ತಮ್ಮ ಮಗುವಿಗೆ ಹಣ್ಣು ಸಿಕ್ಕರೆ ಸಾಲದು, ಪಕ್ಕದ ಮಗುವಿಗೆ ಮೊಟ್ಟೆ ಸಿಗಬಾರದು! ಇನ್ನು ನಮ್ಮ ಜಿಲ್ಲೆಯದೇ ಕೇಳಿ. 2015ರಲ್ಲಿ ಸುದ್ದಿಯಾದ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಶಾಲೆ. ಅಲ್ಲಿ ಮೊಟ್ಟೆಯ ಜಗಳವೇ ಇರಲಿಲ್ಲ. ಅನ್ನ, ಸಾರು, ಅಪ್ಪಟ ಸಸ್ಯಾಹಾರ. ಬೇಯಿಸಿದಾಕೆ ದಲಿತ ಹೆಂಗಸು ಎಂದು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಜಗಳ ಪಾತ್ರೆಯೊಳಗಿನದರ ಬಗ್ಗೆ ಎಂದು ನಂಬಿದವರು ಕಗ್ಗನಹಳ್ಳಿಯನ್ನು ಮರೆಯಬೇಡಿ.

ಆದ್ದರಿಂದ ನಾವು ಕೇಳುವುದನ್ನು ಬಿಡಿಸಿ ಹೇಳುತ್ತೇವೆ. ಮೂಲೆಯಲ್ಲೊಂದು ‘ಮಾಂಸಾಹಾರ ವಿಭಾಗ’ ಕಟ್ಟಿ ನಮ್ಮನ್ನು ಅತ್ತ ಅಟ್ಟಬೇಡಿ. ಊರಾಚೆಯ ಕೇರಿಯನ್ನು ನಾವು ಸಾಕಷ್ಟು ನೋಡಿದ್ದೇವೆ. ಮುಂದೆ ಎಲ್ಲಿ ಸಮ್ಮೇಳನ ನಡೆದರೂ ಒಂದೇ ಚಪ್ಪರ, ಒಂದೇ ಸಾಲು. ಒಲೆ ಎರಡಿರಲಿ, ಸೌಟು ಎರಡಿರಲಿ, ಸಸ್ಯಾಹಾರಿಯ ಎಲೆಗೆ ಒಂದು ತೊಟ್ಟು ಬಾಡಿನ ಸಾರು ಬೀಳದ ಹಾಗೆ ಕಾಯುವ ಜವಾಬ್ದಾರಿ ನಮ್ಮದು, ಬೇಕಾದರೆ ನಾವೇ ಬಡಿಸಲು ನಿಲ್ಲುತ್ತೇವೆ. ಅಡುಗೆಗೆ ನಮ್ಮ ಹೆಂಗಸರೂ ಇರಬೇಕು, ಬೇಳೆಸಾರಿನ ಒಲೆಯ ಮುಂದೆಯೂ ಇರಬೇಕು. ಎಂಜಲೆಲೆ ಎತ್ತಲಿಕ್ಕೆ ಮಾತ್ರ ನಮ್ಮವರನ್ನು ಕರೆಯುವುದು ನಿಲ್ಲಬೇಕು. ಮಳಿಗೆಯವರ ಸೂಚನೆಯಲ್ಲಿ ಹೆಂಡ ಇರಲಿ, ತಂಬಾಕು ಇರಲಿ. ಮೂರನೆಯ ಪದಕ್ಕೆ ಕಾಟು ಹೊಡೆಯಬೇಕು.

ಅಮ್ಮ ಇನ್ನೂ ಒಂದು ಸಮ್ಮೇಳನವನ್ನೂ ನೋಡಿಲ್ಲ. ಈ ಸಲ ಕರೆದುಕೊಂಡು ಹೋಗುತ್ತೇವೆ ಎಂದೆವು. "ಅಲ್ಲಿ ಊಟ ಏನಿಕ್ತಾರೆ?" ಎಂದಳು. ತಿಳಿದು ಹೇಳ್ತೀವಿ ಎಂದಿದ್ದೇವೆ.